ಮಳೆ ಬಿದ್ದ ಮರುದಿನ, ಜೊನ್ನಗಿರಿ ಹೊಲಗಳಲ್ಲಿ

ಮೇ ತಿಂಗಳ ಕೊನೆಗೋ ಜೂನ್ ಮೊದಲ ವಾರಕ್ಕೋ ಒಂದು ರಾತ್ರಿ ಗುಡುಗು ಸಿಡಿಲಿನ ಜೊತೆ ಮಳೆ ಸುರಿದರೆ ಸಾಕು, ಮರುದಿನ ನಸುಕಿಗೇ ತುಗ್ಗಲಿ–ಜೊನ್ನಗಿರಿ ದಾರಿಯಲ್ಲಿ ಬೈಕುಗಳ ಸಾಲು ಶುರುವಾಗುತ್ತದೆ. ಹಿಂದೆ ಹೆಂಡತಿ, ಮುಂದೆ ಪೆಟ್ರೋಲ್ ಟ್ಯಾಂಕಿನ ಮೇಲೆ ಮಗು, ಹ್ಯಾಂಡಲ್ಲಿಗೆ ನೇತುಹಾಕಿದ ಬುತ್ತಿ ಚೀಲ. ಟಂಟಂಗಳಲ್ಲಿ ಮೊಣಕಾಲಿಗೆ ಮೊಣಕಾಲು ತಾಗಿಸಿಕೊಂಡು ಕೂತ ಹೆಂಗಸರು. ಗುಂತಕಲ್ ಕಡೆಯ ರೈಲಿನಿಂದ ತುಗ್ಗಲಿಯಲ್ಲಿ ಇಳಿದು ನಡೆದೇ ಹೊರಟವರೂ ಉಂಟು. ಏಳು ಗಂಟೆಯೊಳಗೆ ರಸ್ತೆಯ ಎರಡೂ ಬದಿಯ ಕೆಂಪು ಮಸಾರಿ ಹೊಲಗಳಲ್ಲಿ ಜನ ಸಾಲುಗಟ್ಟಿ ಬಗ್ಗಿರುತ್ತಾರೆ. ದೂರದಿಂದ ನೋಡಿದವರು ಕಳೆ ತೆಗೆಯುವ ಆಳುಗಳೆಂದುಕೊಳ್ಳಬೇಕು. ಆದರೆ ಆ ಹೊಲಗಳಲ್ಲಿ ಇನ್ನೂ ಬಿತ್ತನೆಯೇ ಆಗಿಲ್ಲ. ಇವರು ಹುಡುಕುತ್ತಿರುವುದು ವಜ್ರ.

ಆಂಧ್ರದ ಕರ್ನೂಲು ಜಿಲ್ಲೆಯ ತುಗ್ಗಲಿ, ಮದ್ದಿಕೆರ ಮಂಡಲಗಳಲ್ಲಿ, ಪಕ್ಕದ ಅನಂತಪುರ ಜಿಲ್ಲೆಯ ವಜ್ರಕರೂರಿನ ಸುತ್ತ, ಪ್ರತಿ ಮುಂಗಾರಿನಲ್ಲೂ ಇದೇ ಜಾತ್ರೆ. ಜೊನ್ನಗಿರಿ, ಪಗಿಡಿರಾಯಿ, ಪೆರವಲಿ ಎಂಬ ಹೆಸರುಗಳು ಆ ಎರಡು ಮೂರು ತಿಂಗಳು ಪತ್ರಿಕೆಗಳಲ್ಲಿ ಕಾಣಿಸಿಕೊಂಡು ಆಮೇಲೆ ಮರೆಯಾಗುತ್ತವೆ. ಒಬ್ಬ ರೈತನಿಗೆ ಲಕ್ಷ ಸಿಕ್ಕಿತಂತೆ, ಒಬ್ಬ ಕೂಲಿಯವಳಿಗೆ ಅದಕ್ಕಿಂತ ಹೆಚ್ಚು ಸಿಕ್ಕಿತಂತೆ ಎಂಬ ಸುದ್ದಿ ಒಂದು ಕಾಲಂನಲ್ಲಿ ಬಂದರೆ ಮರುದಿನ ಹೊಲದಲ್ಲಿ ಜನ ಎರಡು ಪಟ್ಟಾಗುತ್ತಾರೆ.

ಹುಡುಕುವುದಕ್ಕೂ ಒಂದು ಹೊತ್ತು, ಒಂದು ಕ್ರಮ ಇದೆ. ಹೊಡೆತದ ಮಳೆಗೆ ಮೇಲಿನ ನಯಮಣ್ಣು ಕೊಚ್ಚಿಹೋಗಿ ಗರಸು ಮೇಲೆದ್ದು ನಿಂತಿರುತ್ತದೆ. ಮಳೆಯೇ ತೊಳೆದಿಟ್ಟ ಕಲ್ಲುಗಳ ಮೇಲೆ ಬೆಳಗಿನ ಬಿಸಿಲು ಓರೆಯಾಗಿ ಬಿದ್ದಾಗ ಹೊಳೆಯುವುದೆಲ್ಲ ಹೊಳೆಯುತ್ತದೆ. ಹೊತ್ತು ನೆತ್ತಿಗೆ ಬಂದರೆ ನೆಲ ಒಣಗಿ, ಕಲ್ಲಿನ ಮೇಲೆ ದೂಳು ಕೂತು, ಕಣ್ಣಿಗೆ ಏನೂ ದಕ್ಕುವುದಿಲ್ಲ. ಹಾಗಾಗಿ ಅನುಭವಸ್ಥರು ಹನ್ನೊಂದರ ಹೊತ್ತಿಗೆ ಬೇವಿನ ಮರದ ನೆರಳು ಹಿಡಿದು, ನಾಲ್ಕರ ಮೇಲೆ ಮತ್ತೆ ಹೊಲಕ್ಕಿಳಿಯುತ್ತಾರೆ. ಹೊಸಬರು ಮಾತ್ರ ನಡುಮಧ್ಯಾಹ್ನವೂ ಛತ್ರಿ ಹಿಡಿದು ತಿರುಗುತ್ತಲೇ ಇರುತ್ತಾರೆ.

ಸಿರುಗುಪ್ಪದ ಕಡೆಯ ಒಬ್ಬಾಕೆ ಬದುವಿನ ಅಂಚಿನಲ್ಲಿ ಕುಕ್ಕರುಗಾಲಲ್ಲಿ ಕೂತೇ ಮುಂದೆ ಸರಿಯುತ್ತಿದ್ದಾಳೆ. ಎಡಗೈಯಲ್ಲಿ ಒಂದು ಗಿಡ್ಡ ಕಬ್ಬಿಣದ ಸರಳು. ಕಲ್ಲಿನ ಕೆಳಗೆ ಅದನ್ನು ತೂರಿಸಿ ಎತ್ತುತ್ತಾಳೆ, ನೋಡುತ್ತಾಳೆ, ಬಿಡುತ್ತಾಳೆ. ನೂರಕ್ಕೊಂದು ಕಲ್ಲು ಬೆರಳಿಗೆ ಬರುತ್ತದೆ. ಅದನ್ನು ನಾಲಗೆಯ ತುದಿಗೆ ಮುಟ್ಟಿಸಿ, ಸೆರಗಿನ ಮೂಲೆಯಿಂದ ಒರೆಸಿ, ಹೆಬ್ಬೆರಳು ತೋರುಬೆರಳ ನಡುವೆ ಹಿಡಿದು ಸೂರ್ಯನಿಗೆ ಅಡ್ಡ ಮಾಡುತ್ತಾಳೆ. ಆಮೇಲೆ ಅದರ ಮೇಲೆ ‘ಹಾ’ ಎಂದು ಉಸಿರು ಬಿಡುತ್ತಾಳೆ. ಸಾಧಾರಣ ಬೆಣಚುಕಲ್ಲಾದರೆ ಆ ಮಂಜು ಒಂದೆರಡು ಕ್ಷಣ ನಿಲ್ಲುತ್ತದೆ. ವಜ್ರಕ್ಕೆ ಶಾಖವನ್ನು ಸಾಗಿಸುವ ಶಕ್ತಿ ಹೆಚ್ಚು, ಅದರ ಮೇಲೆ ಮಂಜು ನಿಲ್ಲುವುದೇ ಇಲ್ಲ. ಭೌತಶಾಸ್ತ್ರದ ಈ ಪಾಠವನ್ನು ಆಕೆಗೆ ಯಾರೂ ಹೇಳಿಕೊಟ್ಟಿಲ್ಲ, ಅತ್ತೆ ಮಾಡುತ್ತಿದ್ದದ್ದನ್ನು ನೋಡಿ ಕಲಿತದ್ದು. ಮಂಜು ನಿಂತಿತು. ಕಲ್ಲು ಬದುವಿನಾಚೆಗೆ ಹೋಗಿ ಬಿತ್ತು.

“ಏನಕ್ಕಾ, ಏನಾರ ಸಿಕ್ತಾ?” ಎಂದರೆ ತಲೆ ಎತ್ತದೆಯೇ ಹೇಳುತ್ತಾಳೆ: “ಸಿಕ್ಕಿದ್ರ ನಿನ್ನ ಕೂಡ ಹೇಳ್ತಿದ್ನೇನಪ್ಪಾ?”

ಈ ಮಾತಿನಲ್ಲಿ ತಮಾಷೆ ಎಷ್ಟಿದೆಯೋ ಎಚ್ಚರವೂ ಅಷ್ಟೇ ಇದೆ. ಅದಕ್ಕೆ ಆಮೇಲೆ ಬರೋಣ.

ಅಂಗಡಿಯ ಗಾಜಿನೊಳಗಿನ ವಜ್ರವನ್ನು ಮನಸ್ಸಿನಲ್ಲಿಟ್ಟುಕೊಂಡು ಬಂದವರಿಗೆ ಇಲ್ಲಿ ಏನೂ ಕಾಣುವುದಿಲ್ಲ. ಆ ಝಗಝಗ ಸಾಣೆ ಹಿಡಿದ ಮೇಲಿನದು. ಮಣ್ಣಿನಲ್ಲಿ ಬಿದ್ದಿರುವ ಹಸಿ ವಜ್ರಕ್ಕೆ ಮಂಕು, ಜಿಡ್ಡುಜಿಡ್ಡಾದ ಹೊಳಪು. ಆಕಾರ ಕೆಡದೆ ಉಳಿದಿದ್ದರೆ ಎರಡು ಪಿರಮಿಡ್ಡುಗಳನ್ನು ಬುಡಕ್ಕೆ ಬುಡ ಸೇರಿಸಿದ ಹಾಗೆ ಎಂಟು ಮುಖ. ಮುಖಗಳ ಮೇಲೆ ಒಮ್ಮೊಮ್ಮೆ ಚಿಕ್ಕ ಚಿಕ್ಕ ತ್ರಿಕೋನದ ಗುರುತುಗಳು. ಇನ್ನೊಂದು ಲಕ್ಷಣವೆಂದರೆ ಅದಕ್ಕೆ ನೀರು ಅಂಟುವುದಿಲ್ಲ, ಜಿಡ್ಡು ಅಂಟುತ್ತದೆ. ದಕ್ಷಿಣ ಆಫ್ರಿಕಾದ ಕಿಂಬರ್ಲಿ ಗಣಿಗಳಲ್ಲಿ ಗ್ರೀಸು ಸವರಿದ ಮೇಜಿನ ಮೇಲೆ ಗರಸು ಮತ್ತು ನೀರು ಹರಿಯಬಿಟ್ಟು ವಜ್ರವನ್ನಷ್ಟೇ ಅಂಟಿಸಿಕೊಳ್ಳುವ ಉಪಾಯ ಕಂಡುಕೊಂಡದ್ದು ಈ ಗುಣದಿಂದಲೇ. ಇಲ್ಲಿ ಮೇಜೂ ಇಲ್ಲ, ಗ್ರೀಸೂ ಇಲ್ಲ. ಇರುವುದು ಎರಡು ಕಣ್ಣು.

ಹೊಳೆಯ ಮರಳಿನಲ್ಲಿ ಚಿನ್ನ ಹುಡುಕುವವರಿಗೆ ಇದಕ್ಕಿಂತ ಅನುಕೂಲ ಇತ್ತು. ಚಿನ್ನ ನೀರಿಗಿಂತ 19 ಪಟ್ಟು ಭಾರ, ಮರಳು ಮೂರು ಪಟ್ಟೂ ಇಲ್ಲ. ಮರಿಗೆಯಲ್ಲಿ ಮರಳು ಹಾಕಿ ನೀರಿನಲ್ಲಿ ತಿರುಗಿಸಿದರೆ ಹಗುರಾದದ್ದು ಅಂಚು ದಾಟಿ ಹೋಗುತ್ತದೆ, ಚಿನ್ನ ತಳಕ್ಕೆ ಕೂರುತ್ತದೆ. ಗದಗ ಸೀಮೆಯ ಕಪ್ಪತಗುಡ್ಡದಿಂದ ಇಳಿಯುವ ಹಳ್ಳಗಳಲ್ಲಿ, ಸೊರಟೂರು, ಡಂಬಳ, ಡೋಣಿಯ ಸುತ್ತ, ಜಾಲಗಾರರು ತಲೆಮಾರುಗಳ ಕಾಲ ಮಾಡುತ್ತಿದ್ದದ್ದು ಇದನ್ನೇ. ಮಳೆಗಾಲದ ಪ್ರವಾಹ ಇಳಿದ ಮೇಲೆ ಹಳ್ಳದ ತಿರುವಿನಲ್ಲಿ, ಬಂಡೆಯ ಸಂದಿಯಲ್ಲಿ ನಿಂತ ಮರಳನ್ನು ಬಾಚಿ, ತೊಳೆದು ಚಿನ್ನದ ಕಣ ಎತ್ತುತ್ತಿದ್ದರು. ವಜ್ರದ ಕಥೆ ಬೇರೆ. ಅದು ನೀರಿಗಿಂತ ಮೂರೂವರೆ ಪಟ್ಟು ಮಾತ್ರ ಭಾರ, ತೊಳೆದರೆ ಪಕ್ಕದ ಕಲ್ಲುಗಳ ಜೊತೆಗೇ ಉಳಿಯುತ್ತದೆ. ಅದನ್ನು ಹೆಕ್ಕಲು ಕೊನೆಗೂ ಕಣ್ಣೇ ಬೇಕು.

ಈ ಹೊಲಗಳಿಗೆ ವಜ್ರ ಎಲ್ಲಿಂದ ಬಂತು ಎನ್ನುವುದಕ್ಕೆ ಊರಿನಲ್ಲಿ ನೂರು ಕಥೆ. ವಿಜಯನಗರದ ರಾಯರ ಕಾಲದಲ್ಲಿ ಇಲ್ಲಿ ಸಂತೆ ಕೂಡುತ್ತಿತ್ತು, ಬಳ್ಳದಲ್ಲಿ ಅಳೆದು ಮಾರುತ್ತಿದ್ದರು, ದಂಡು ಬಂದಾಗ ಹೂತಿಟ್ಟು ಓಡಿಹೋದರು ಎಂದು ಮುದುಕರು ಹೇಳುತ್ತಾರೆ. ಭೂವಿಜ್ಞಾನದ ಕಥೆ ಇದಕ್ಕಿಂತ ಹಳೆಯದು. ನೆಲದಡಿ ನೂರೈವತ್ತು ಕಿಲೋಮೀಟರಿಗೂ ಆಳದಲ್ಲಿ ಹುಟ್ಟಿದ ವಜ್ರಗಳನ್ನು ಕಿಂಬರ್ಲೈಟ್ ಎಂಬ ಶಿಲಾರಸ ಹೊತ್ತು ಮೇಲಕ್ಕೆ ನುಗ್ಗಿತು. ವಜ್ರಕರೂರಿನ ಸುತ್ತ ಇಂಥ ಕೊಳವೆಯಾಕಾರದ ಶಿಲೆಗಳನ್ನು ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆ ಗುರುತಿಸಿದೆ, ಅವುಗಳ ವಯಸ್ಸು ಸುಮಾರು 110 ಕೋಟಿ ವರ್ಷ. ಅಷ್ಟು ಕಾಲ ಬಿಸಿಲು ಮಳೆಗೆ ಕಿಂಬರ್ಲೈಟ್ ಕರಗಿ ಮಣ್ಣಾಯಿತು. ವಜ್ರ ಕರಗಲಿಲ್ಲ, ನೀರು ಒಯ್ದ ಕಡೆಗೆ ಹೋಗಿ ಗರಸಿನಲ್ಲಿ ಸೇರಿಕೊಂಡಿತು. ಪ್ರತಿ ವರ್ಷ ಮಳೆ ಒಂದು ಪದರ ತೊಳೆಯುತ್ತದೆ, ಕುಂಟೆ ಇನ್ನೊಂದು ಪದರ ಮೇಲೆ ಹಾಕುತ್ತದೆ. ಹೋದ ವರ್ಷ ಸಾವಿರ ಜನ ತುಳಿದ ಹೊಲದಲ್ಲೇ ಈ ವರ್ಷ ಒಬ್ಬನಿಗೆ ಸಿಗುವುದು ಇದಕ್ಕೇ.

ಬರುವವರಲ್ಲಿ ಕನ್ನಡದವರು ಕಡಿಮೆಯೇನಲ್ಲ. ಬಳ್ಳಾರಿಯಿಂದ ಗುಂತಕಲ್ ರೈಲಿನಲ್ಲಿ ಒಂದು ಗಂಟೆಯ ಹಾದಿ. ಅನಂತಪುರ ಜಿಲ್ಲೆ 1882ರವರೆಗೆ ಬಳ್ಳಾರಿಯ ಒಳಗೇ ಇತ್ತು. ಆದೋನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಬಳ್ಳಾರಿಯಿಂದ ಬೇರೆಯಾಗಿ ಆಂಧ್ರಕ್ಕೆ ಹೋದದ್ದು 1953ರಲ್ಲಿ. ಗಡಿ ಗೆರೆ ಎಳೆದ ಮೇಲೂ ಬೀಗತನ ನಿಲ್ಲಲಿಲ್ಲ, ಭಾಷೆಯೂ ಬದಲಾಗಲಿಲ್ಲ. ಹೊಲದಲ್ಲಿ ಒಂದೇ ಬಾಯಲ್ಲಿ ಕನ್ನಡ ತೆಲುಗು ಎರಡೂ ಕೇಳುತ್ತವೆ. ಕೆಲವರು ಬೆಳಿಗ್ಗೆ ಬಂದು ಸಂಜೆಗೆ ತಿರುಗಿಹೋಗುವವರು. ದೂರದವರು ಗುಡಿಯ ಕಟ್ಟೆಯ ಮೇಲೆ, ಶಾಲೆಯ ಜಗಲಿಯಲ್ಲಿ, ರಸ್ತೆ ಬದಿಗೆ ಕಟ್ಟಿದ ಟಾರ್ಪಾಲಿನ ಕೆಳಗೆ ವಾರಗಟ್ಟಲೆ ತಂಗುತ್ತಾರೆ. ಮೂರು ಕಲ್ಲಿನ ಒಲೆ, ಜೋಳದ ರೊಟ್ಟಿ, ಹಸಿಮೆಣಸಿನಕಾಯಿ ಖಾರ. ರಸ್ತೆಯ ಮೇಲೆ ಮಿರ್ಚಿ, ಒಗ್ಗರಣೆ ಮಂಡಕ್ಕಿಯ ಗಾಡಿಗಳು. ಈ ಇಡೀ ವ್ಯವಹಾರದಲ್ಲಿ ದಿನವೂ ಕಾಸು ಕಾಣುವವರು ಆ ಗಾಡಿಯವರೊಬ್ಬರೇ.

ದುರಾಸೆಯ ಜನ ಎಂದು ಇವರನ್ನು ಪೇಟೆಯ ಕಟ್ಟೆಯಿಂದ ನಗುವವರಿದ್ದಾರೆ. ಬೇವಿನ ನೆರಳಲ್ಲಿ ಬೀಡಿ ಹಚ್ಚುತ್ತ ಕೂತ ನಡುವಯಸ್ಸಿನ ಒಬ್ಬ ರೈತನ ಲೆಕ್ಕ ಕೇಳಿದರೆ ಆ ನಗು ನಿಲ್ಲುತ್ತದೆ. “ನೋಡ್ರಿ, ಶೇಂಗಾ ಹಾಕಿದ್ರೂ ಮಳಿ ಮ್ಯಾಲಿನ ಆಟ, ಇದೂ ಮಳಿ ಮ್ಯಾಲಿನ ಆಟ. ಇದಕ್ಕ ಬೀಜದ ರೊಕ್ಕ ಇಲ್ಲ, ಗೊಬ್ಬರದ ರೊಕ್ಕ ಇಲ್ಲ, ಸಾಲಾನೂ ಇಲ್ಲ. ಸಿಗದಿದ್ರ ಕಾಲು ನೋವು, ಅಷ್ಟ.” ದೇಶದಲ್ಲೇ ಅತಿ ಕಡಿಮೆ ಮಳೆ ಬೀಳುವ ಸೀಮೆಗಳಲ್ಲಿ ಇದೂ ಒಂದು. ಮೊದಲ ಮಳೆಗೂ ಬಿತ್ತನೆಯ ಹದಕ್ಕೂ ನಡುವೆ ಕೂಲಿ ಸಿಗದ ಕೆಲವು ವಾರಗಳಿವೆ. ವಜ್ರದ ಹುಡುಕಾಟ ಕೂತಿರುವುದು ಸರಿಯಾಗಿ ಆ ಖಾಲಿ ಜಾಗದಲ್ಲಿ. ಬಿತ್ತನೆ ಜೋರಾದರೆ ಅರ್ಧ ಜನ ತಾವಾಗಿಯೇ ಊರು ಸೇರುತ್ತಾರೆ.

ಹೊಲದ ಒಡೆಯನ ಕಷ್ಟ ಬೇರೆ. ಅವನು ಹರಗಿ ಹದಮಾಡಿದ ನೆಲವನ್ನು ನೂರಾರು ಕಾಲುಗಳು ತುಳಿದು ಗಟ್ಟಿ ಮಾಡುತ್ತವೆ. ಬಿತ್ತಿದ ಮೇಲೂ ಮೊಳಕೆಯ ಸಾಲು ನೋಡದೆ ನುಗ್ಗುವವರಿದ್ದಾರೆ. ಒಬ್ಬ ಜಾಲಿಮುಳ್ಳು ತಂದು ಬದುವಿಗೆ ಹೇರುತ್ತಾನೆ, ಇನ್ನೊಬ್ಬ ಬೋರ್ಡು ನೆಡುತ್ತಾನೆ, ಮತ್ತೊಬ್ಬ ಕೋಲು ಹಿಡಿದು ತಾನೇ ನಿಲ್ಲುತ್ತಾನೆ. ಬೈಗುಳ, ತಳ್ಳಾಟ, ಪೊಲೀಸು ಎಲ್ಲವೂ ಆಗುತ್ತದೆ. ಮನೆಯವರನ್ನೆಲ್ಲ ಕರೆದುಕೊಂಡು ತನ್ನ ಹೊಲದಲ್ಲಿ ತಾನೇ ಹುಡುಕುವ ಒಡೆಯನೂ ಇದ್ದಾನೆ. ಅವನ ಹೊಲದಲ್ಲಿ ಇನ್ನೊಬ್ಬನಿಗೆ ಕಲ್ಲು ಸಿಕ್ಕರೆ ಇಬ್ಬರಲ್ಲಿ ಅದು ಯಾರದು? ಜಗಳ ಹರಿಯುವುದು ಪಂಚಾಯಿತಿ ಕಟ್ಟೆಯಲ್ಲಿ, ಇಲ್ಲವಾದರೆ ಹರಿಯುವುದೇ ಇಲ್ಲ.

ಇನ್ನು ಕೊಳ್ಳುವವನು. ಅವನು ಹೊಲಕ್ಕೆ ಇಳಿಯುವುದಿಲ್ಲ. ಜೊನ್ನಗಿರಿ, ಪೆಂಡೇಕಲ್ಲು, ಗುಂತಕಲ್ಲುಗಳಲ್ಲಿ ಅವನ ಮನೆ, ಹೊಲದ ಬದುವಿನಲ್ಲಿ ಅವನ ಕಡೆಯ ಹುಡುಗರು. ಕೆಲವರಿಗೆ ಊಟ, ದಿನದ ಖರ್ಚು ಕೊಟ್ಟು ಹುಡುಕಲು ಬಿಟ್ಟಿರುತ್ತಾನೆ. ಸಿಕ್ಕ ಕಲ್ಲು ಅವನಿಗೇ, ಅವನು ಹೇಳಿದ ಬೆಲೆಗೇ. ಉಳಿದವರಿಗೂ ದಾರಿ ಅದೇ. ಕಲ್ಲು ಸಿಕ್ಕವನು ಅದನ್ನು ಚಿಂದಿಯಲ್ಲಿ ಸುತ್ತಿ ಸೊಂಟಕ್ಕೆ ಸಿಕ್ಕಿಸಿ, ಯಾರಿಗೂ ಹೇಳದೆ ಊಟದ ನೆವ ಮಾಡಿ ಹೊಲ ಬಿಡುತ್ತಾನೆ. ಮುಚ್ಚಿದ ಬಾಗಿಲಿನ ಹಿಂದೆ ಸಣ್ಣ ತಕ್ಕಡಿ, ಭೂತಗನ್ನಡಿ. ಒಂದು ಕ್ಯಾರೆಟ್ ಎಂದರೆ ಗ್ರಾಮಿನ ಐದನೇ ಒಂದು ಭಾಗ. ಬಣ್ಣ ಸ್ವಲ್ಪ ಹಳದಿ, ಒಳಗೊಂದು ಕಪ್ಪು ಚುಕ್ಕೆ, ಒಂದು ಬದಿಗೆ ಸೀಳು ಎಂದು ಕೊಳ್ಳುವವನು ಎಣಿಸುತ್ತಾ ಹೋದಂತೆ ಬೆಲೆ ಇಳಿಯುತ್ತದೆ. ಮಾರುವವನಿಗೆ ಅದೆಲ್ಲ ನಿಜವೋ ಸುಳ್ಳೋ ಗೊತ್ತಿಲ್ಲ, ಇನ್ನೊಬ್ಬರಿಗೆ ತೋರಿಸುವ ಧೈರ್ಯವೂ ಇಲ್ಲ. ಸುದ್ದಿ ಹಬ್ಬಿದರೆ ಪೊಲೀಸರೂ ಕಂದಾಯದವರೂ ಮನೆ ಬಾಗಿಲಿಗೆ ಬರುತ್ತಾರೆ. ಸಿರುಗುಪ್ಪದಾಕೆಯ ಎಚ್ಚರ ಇದಕ್ಕೇ.

ಈ ಏರ್ಪಾಡು ಹೊಸದಲ್ಲ. ಅಚ್ಯುತರಾಯನ ಕಾಲದಲ್ಲಿ ವಿಜಯನಗರದಲ್ಲಿದ್ದ ಪೋರ್ಚುಗೀಸ್ ಕುದುರೆ ವ್ಯಾಪಾರಿ ಫೆರ್ನಾವ್ ನೂನಿಜ್, ವಜ್ರದ ಗಣಿಗಳನ್ನು ನಾಯಕನೊಬ್ಬನಿಗೆ ವಹಿಸಿದ್ದರೆಂದೂ 20 ಮಂಜಾಡಿ ತೂಕ ಮೀರಿದ ಕಲ್ಲುಗಳೆಲ್ಲ ರಾಜನ ಬೊಕ್ಕಸಕ್ಕೆ ಸೇರಬೇಕಿತ್ತೆಂದೂ ಬರೆದಿಟ್ಟಿದ್ದಾನೆ. ನೂರು ವರ್ಷದ ಮೇಲೆ ಬಂದ ಫ್ರೆಂಚ್ ವ್ಯಾಪಾರಿ ತವೆರ್ನಿಯೆ, ಆಗ ವಿಜಾಪುರದ ಆಳ್ವಿಕೆಯಲ್ಲಿದ್ದ ರಾಮಳ್ಳಕೋಟದ ಗಣಿಯನ್ನು ಕಣ್ಣಾರೆ ಕಂಡ. ಅಲ್ಲಿ ಕೊಳ್ಳುವವನೂ ಮಾರುವವನೂ ಎದುರುಬದುರು ಕೂತು, ಬಟ್ಟೆಯ ಮರೆಯಲ್ಲಿ ಕೈ ಹಿಡಿದು, ಬೆರಳು ಒತ್ತಿ ಬೆಲೆ ಹೇಳುತ್ತಿದ್ದರು. ಪಕ್ಕದಲ್ಲಿ ಕೂತವನಿಗೂ ವ್ಯಾಪಾರ ಎಷ್ಟಕ್ಕಾಯಿತೆಂದು ತಿಳಿಯುತ್ತಿರಲಿಲ್ಲ. ಅಗೆಯುವ ಆಳಿಗೆ ವರ್ಷಕ್ಕೆ ಮೂರು ವರಹ ಸಂಬಳ. ದೊಡ್ಡ ಕಲ್ಲು ತಂದು ಧಣಿಗೆ ಒಪ್ಪಿಸಿದರೆ ತಲೆಗೆ ಸುತ್ತಲು ಒಂದು ಬಟ್ಟೆ, ಮೇಲೊಂದಿಷ್ಟು ಇನಾಮು. ನಾಲ್ಕು ಶತಮಾನದಲ್ಲಿ ಧಣಿಗಳು ಬದಲಾದರು. ಬೆಲೆ ಮಾತ್ರ ಈಗಲೂ ಬಟ್ಟೆಯ ಮರೆಯಲ್ಲೇ ಇದೆ.

ಹುಡುಕುವವರ ಸಾಲು ಜೊನ್ನಗಿರಿಯಿಂದ ಎರ್ರಗುಡಿಯ ಕಡೆಗೆ ತಿರುಗಿದರೆ ಒಂದು ತಂತಿ ಬೇಲಿ ಸಿಗುತ್ತದೆ. ಆಚೆ ಅಗೆಯುವ ಯಂತ್ರಗಳು, ಟಿಪ್ಪರುಗಳು. ಸ್ವಾತಂತ್ರ್ಯ ಬಂದ ಮೇಲೆ ಖಾಸಗಿ ರಂಗದಲ್ಲಿ ಎದ್ದ ದೇಶದ ಮೊದಲ ದೊಡ್ಡ ಚಿನ್ನದ ಗಣಿ ಇದು. ಜಿಯೋಮೈಸೂರು ಸರ್ವಿಸಸ್ ಎಂಬ ಕಂಪನಿಯದು. ಬಂಡೆ ಒಡೆದು, ಪುಡಿ ಮಾಡಿ, ಟನ್ನುಗಟ್ಟಲೆ ಅದಿರಿನಿಂದ ಗ್ರಾಮುಗಳ ಲೆಕ್ಕದಲ್ಲಿ ಚಿನ್ನ ತೆಗೆಯುವ ಕೆಲಸ. ಬೇಲಿಯ ಈಚೆಗೆ ಸರಳು ಹಿಡಿದ ಹೆಂಗಸು, ಆಚೆಗೆ ಹೆಲ್ಮೆಟ್ ಹಾಕಿದ ಎಂಜಿನಿಯರು.

ಎರ್ರಗುಡಿಯ ಗುಡ್ಡದಲ್ಲಿ ಅಶೋಕನ ಶಾಸನಗಳಿವೆ. 1928–29ರಲ್ಲಿ ಅವು ಕಣ್ಣಿಗೆ ಬಿದ್ದದ್ದು ಅನು ಘೋಷ್ ಎಂಬ ಭೂವಿಜ್ಞಾನಿಗೆ. ಅಶೋಕನದೇ ಆದ, ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿ ಶಾಸನದ ಆಜ್ಞೆ ಇಸಿಲ ಎಂಬ ಊರಿನ ಅಧಿಕಾರಿಗಳಾದ ಮಹಾಮಾತ್ರರಿಗೆ ಹೊರಟದ್ದು ಸುವರ್ಣಗಿರಿಯಿಂದ. ಆ ಸುವರ್ಣಗಿರಿ ಇದೇ ಜೊನ್ನಗಿರಿ ಎನ್ನುವ ವಿದ್ವಾಂಸರಿದ್ದಾರೆ, ಮಸ್ಕಿ, ಕನಕಗಿರಿಗಳ ಪರ ವಾದಿಸುವವರೂ ಇದ್ದಾರೆ. ಎರ್ರಗುಡಿಯ ಕಿರುಶಾಸನದ ಕೆಲವು ಸಾಲುಗಳು ಎಡದಿಂದ ಬಲಕ್ಕೆ ಹೋಗಿ, ಮುಂದಿನವು ಬಲದಿಂದ ಎಡಕ್ಕೆ ಬರುತ್ತವೆ, ಉಳುವ ಎತ್ತು ಹೊಲದ ಕೊನೆಯಲ್ಲಿ ತಿರುಗಿದಂತೆ. ಕೆಳಗಿನ ಹೊಲದಲ್ಲಿ ಹುಡುಕುವವರೂ ಹಾಗೆಯೇ ಹೋಗಿ ಹಾಗೆಯೇ ಬರುತ್ತಾರೆ.

ಖನಿಜದ ಇತಿಹಾಸದಲ್ಲಿ ಕಂಪನಿಗಿಂತ ಮೊದಲು ಇದ್ದವನು ಈ ನಡೆಯುವವನೇ. 1802ರಲ್ಲಿ ಲೆಫ್ಟಿನೆಂಟ್ ಜಾನ್ ವಾರನ್ ಕೋಲಾರ ಸೀಮೆಗೆ ಬಂದಾಗ ಉರಿಗಾಂ, ಮಾರಿಕುಪ್ಪಂ ಕಡೆಯ ಹಳ್ಳಿಗರು ಮಣ್ಣು ತೊಳೆದು ಅವನ ಕಣ್ಣೆದುರೇ ಚಿನ್ನ ತೆಗೆದು ತೋರಿಸಿದರು. ಅವನ ವರದಿಯನ್ನು ಓದಿದ ಮೈಕೆಲ್ ಲವೆಲ್ 1873ರಲ್ಲಿ ಮೈಸೂರು ಸಂಸ್ಥಾನಕ್ಕೆ ಅರ್ಜಿ ಹಾಕಿ ಪರವಾನಗಿ ಪಡೆದ. ಅಲ್ಲಿಂದ ಕೆ.ಜಿ.ಎಫ್. ಕಥೆ ಶುರು. ಕಪ್ಪತಗುಡ್ಡದ ಚಿನ್ನದ ಬಗ್ಗೆ ರಾಬರ್ಟ್ ಬ್ರೂಸ್ ಫೂಟ್ 1874ರಲ್ಲಿ ಬರೆದದ್ದು ಜಾಲಗಾರರ ಹಳ್ಳಗಳನ್ನು ನೋಡಿದ ಮೇಲೆ. ಇಪ್ಪತ್ತನೇ ಶತಮಾನದ ಆರಂಭದಲ್ಲಿ ಆ ಗುಡ್ಡಕ್ಕೂ ಕಂಪನಿಗಳು ಬಂದವು, ಕೆಲವೇ ವರ್ಷಗಳಲ್ಲಿ ಗಂಟುಮೂಟೆ ಕಟ್ಟಿದವು. 2019ರಲ್ಲಿ ಕಪ್ಪತಗುಡ್ಡ ವನ್ಯಜೀವಿಧಾಮವಾಯಿತು. ಹೋರಾಡಿ ಗುಡ್ಡ ಉಳಿಸಿಕೊಂಡ ಜನ ಸರಿಯಾದದ್ದನ್ನೇ ಮಾಡಿದರು. ಆದರೆ ಚಿನ್ನದ ಜಾಡು ಮೊದಲು ತೋರಿಸಿದ ಜಾಲಗಾರನಿಗೆ ಕಂಪನಿ ಬಂದಾಗಲೂ ಪಾಲು ಇರಲಿಲ್ಲ, ಹೋದಾಗಲೂ ಇರಲಿಲ್ಲ.

ಕಾನೂನಿನ ಪುಸ್ತಕದಲ್ಲಿ ಇಂದಿಗೂ ಅವನಿಗೆ ಜಾಗವಿಲ್ಲ. ಚಿನ್ನ, ವಜ್ರ ಎರಡೂ 1957ರ ಗಣಿ ಮತ್ತು ಖನಿಜ ಕಾಯ್ದೆಯ ಕೆಳಗೆ ಬರುವ ಪ್ರಮುಖ ಖನಿಜಗಳು. 2015ರ ತಿದ್ದುಪಡಿಯ ಮೇಲೆ ಗಣಿ ಗುತ್ತಿಗೆ ಸಿಗುವುದು ಹರಾಜಿನಲ್ಲಿ. 2023ರಲ್ಲಿ ಚಿನ್ನ, ವಜ್ರವೂ ಸೇರಿ 29 ಖನಿಜಗಳಿಗೆ ಅನ್ವೇಷಣಾ ಪರವಾನಗಿ ಎಂಬ ಹೊಸ ಬಾಗಿಲು ತೆರೆದರು. ಅದೂ ಹರಾಜಿನದೇ, ಒಂದೊಂದು 1,000 ಚದರ ಕಿಲೋಮೀಟರ್‌ವರೆಗೆ. ಹೆಲಿಕಾಪ್ಟರ್ ಹಾರಿಸಿ ಸಮೀಕ್ಷೆ ಮಾಡುವವರಿಗೆ ಅದು ಸರಿ. ಒಂದು ಬದುವಿನಿಂದ ಇನ್ನೊಂದು ಬದುವಿನವರೆಗೆ ನೋಡುವವಳು ಯಾವ ಅರ್ಜಿ ತುಂಬಬೇಕು?

ಮಾಡಲು ಬರುವುದಿಲ್ಲ ಎಂದೇನಲ್ಲ. ಮಧ್ಯಪ್ರದೇಶದ ಪನ್ನಾದಲ್ಲಿ ಮಾಡಿದ್ದಾರೆ. ಅಲ್ಲಿ 200 ರೂಪಾಯಿ ಆಸುಪಾಸಿನ ಶುಲ್ಕ ಕಟ್ಟಿದರೆ ಸರ್ಕಾರ ಎಂಟು ಮೀಟರ್ ಉದ್ದ, ಎಂಟು ಮೀಟರ್ ಅಗಲದ ತುಂಡು ನೆಲವನ್ನು ಅಗೆಯಲು ಕೊಡುತ್ತದೆ. ಸಿಕ್ಕ ಕಲ್ಲನ್ನು ವಜ್ರದ ಕಚೇರಿಗೆ ಒಪ್ಪಿಸಬೇಕು. ಅವರು ತೂಗಿ, ಬರೆದುಕೊಂಡು, ಬಹಿರಂಗ ಹರಾಜಿಗೆ ಇಡುತ್ತಾರೆ. ರಾಯಧನ, ತೆರಿಗೆ ಎಂದು ಶೇ 12ರಷ್ಟು ಮುರಿದುಕೊಂಡು ಉಳಿದದ್ದು ಸಿಕ್ಕವನಿಗೆ. 2024ರ ಜುಲೈನಲ್ಲಿ ಅಲ್ಲಿ ಒಬ್ಬ ಕೂಲಿಕಾರನಿಗೆ 19.22 ಕ್ಯಾರೆಟ್ಟಿನ ಕಲ್ಲು ಸಿಕ್ಕಿತು, ಸುಮಾರು 80 ಲಕ್ಷ ರೂಪಾಯಿ ಬಾಳುತ್ತದೆಂದು ಅಂದಾಜಿಸಿದರು. ಅವನು ಹತ್ತು ವರ್ಷಕ್ಕೂ ಮೇಲೆ ತುಂಡು ನೆಲ ಹಿಡಿದು ಅಗೆಯುತ್ತಾ ಬಂದವನು. ಪನ್ನಾದಲ್ಲೂ ಬರಿಗೈಯವರೇ ಬಹಳ, ಅಲ್ಲೂ ಕಳ್ಳ ಮಾರಾಟ ಉಂಟು. ಆದರೆ ಸಿಕ್ಕವನು ಕಲ್ಲನ್ನು ಅಂಗೈ ಮೇಲಿಟ್ಟುಕೊಂಡು ಹಗಲಲ್ಲೇ ಕಚೇರಿಗೆ ನಡೆದುಹೋಗಬಹುದು, ಫೋಟೊ ತೆಗೆಸಿಕೊಳ್ಳಬಹುದು.

ಜೊನ್ನಗಿರಿಯಲ್ಲಿ ನೆಲ ಅಗೆಯಲು ಬಿಡಬೇಕಾದ ಪ್ರಶ್ನೆಯೂ ಇಲ್ಲ, ಇಲ್ಲಿ ಯಾರೂ ಗುಂಡಿ ತೋಡುತ್ತಿಲ್ಲ. ಮಳೆ ತೊಳೆದದ್ದನ್ನು ಆರಿಸುತ್ತಾರೆ, ಅಷ್ಟೇ. ಮುಂಗಾರಿನ ಎರಡು ಮೂರು ತಿಂಗಳು ತುಗ್ಗಲಿಯ ಯಾವುದಾದರೂ ಸರ್ಕಾರಿ ಕೋಣೆಯಲ್ಲಿ ಕಲ್ಲು ಬಲ್ಲವನೊಬ್ಬ, ಮುದ್ರೆ ಹಾಕಿದ ತಕ್ಕಡಿಯೊಂದು, ರಸೀದಿ ಪುಸ್ತಕವೊಂದು ಇದ್ದರೆ ಸಾಕು. ಹುಡುಕಿದವನಿಗೆ ಇಷ್ಟು, ಹೊಲದ ಒಡೆಯನಿಗೆ ಇಷ್ಟು, ಸರ್ಕಾರಕ್ಕೆ ಇಷ್ಟು ಎಂದು ಗೋಡೆಗೆ ಬರೆದು ಅಂಟಿಸಬೇಕು. ಬಿತ್ತಿದ ಹೊಲಕ್ಕೆ ಕಾಲಿಡಬಾರದೆಂಬ ಕಟ್ಟಳೆಯನ್ನೂ ಅಲ್ಲೇ ಬರೆಯಬಹುದು. ಒಡೆಯನಿಗೆ ಪಾಲು ಇದೆಯೆಂದಾದರೆ ಬದುವಿನ ಜಾಲಿಮುಳ್ಳು ಅರ್ಧ ಕಡಿಮೆಯಾದೀತು. ಬೆಲೆ ನಾಲ್ಕು ಜನರ ಮುಂದೆ ಕೂಗಿದರೆ ಮುಚ್ಚಿದ ಬಾಗಿಲಿನ ವ್ಯಾಪಾರವೂ ಅಷ್ಟರಮಟ್ಟಿಗೆ ಸಡಿಲವಾದೀತು. ವಜ್ರ ಸಿಗುವುದು ಬಿಡುವುದು ಮಳೆಯ ಕೈಯಲ್ಲಿದೆ. ಸಿಕ್ಕಿದ್ದಕ್ಕೆ ನ್ಯಾಯವಾದ ಬೆಲೆ ಕಟ್ಟುವುದು ಸರ್ಕಾರದ ಕೈಯಲ್ಲಿದೆ, ಅದಕ್ಕೆ ಮುಂಗಾರಿನ ದಾರಿ ಕಾಯಬೇಕಿಲ್ಲ.